ಪಂಪ್‌ಸೆಟ್ ಎಂಜಿನ್ನಿನ ವಾಲ್ವಿಗೆ ಯಾವ ಲೇಪನ? ನನ್ನ ಅನುಭವ

ಕೊಡಗಿನ ಸಿದ್ದಾಪುರ ಕಡೆಯ ನಮ್ಮ ತೋಟದಲ್ಲಿ ಹೆಚ್ಚಿನದು ರೊಬಸ್ಟಾ ಕಾಫಿ. ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಕೆರೆ ಪಕ್ಕದ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ ಹಗಲೂ ರಾತ್ರಿ ಫುಲ್ ಲೋಡಿನಲ್ಲಿ ಸ್ಪ್ರಿಂಕ್ಲರ್ ಎಳೆಯಬೇಕು. ಅರ್ಧ ತೋಟಕ್ಕೆ ನೀರು ಬಿದ್ದ ಮೇಲೆ ಅದು ನಿಂತರೆ ಆ ವರ್ಷದ ಫಸಲಿನ ಕಥೆ ಮುಗಿದ ಹಾಗೆ. ಉಳಿದ ತಿಂಗಳೆಲ್ಲ ಶೆಡ್ಡಿನಲ್ಲಿ ನಿದ್ದೆ. ಬೇಸಗೆಯಲ್ಲಿ ಬೆಂದು ಕಕ್ಕಡದ ಮಳೆಯಲ್ಲಿ ನೆನೆಯುವ ಈ ಬಾಳು ಮೊದಲು ತಿನ್ನುವುದು ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವನ್ನೇ.

ಕಂಪ್ರೆಷನ್ ಇಳಿದು ಸ್ಟಾರ್ಟಿಂಗ್ ಕಷ್ಟವಾದಾಗ ಹೆಡ್ ಬಿಚ್ಚಿದೆ. ವಾಲ್ವಿನ ಫೇಸ್ (ಸೀಟಿನ ಮೇಲೆ ಕೂರುವ ಅಂಚು) ಮೇಲೆ ಗುಳಿ, ಸ್ಟೆಮ್ (ಉದ್ದನೆಯ ಕಡ್ಡಿ) ಮೇಲೆ ಉದ್ದುದ್ದ ಗೀರು. ಹೊಸದು ತರಲು ಹೋದರೆ ಅಂಗಡಿಯಲ್ಲಿ ಎರಡು ಬಗೆ: ಹೊಳೆಯುವ ಕ್ರೋಮ್ ಸ್ಟೆಮ್ಮಿನದು, ಕಪ್ಪಗಿನ ನೈಟ್ರೈಡ್ ಮಾಡಿದ್ದು. ಕಪ್ಪಗಿದ್ದದ್ದು ಹಳೆ ಸ್ಟಾಕ್ ಅಂದುಕೊಂಡು ಬಿಟ್ಟು ಬರುವವರೇ ಜಾಸ್ತಿ. ಆ ಕಪ್ಪು ಸುಮಾರು 570 ಡಿಗ್ರಿ ಕಾದ ಉಪ್ಪಿನ ದ್ರವದಲ್ಲಿ ಅದ್ದಿ ತೆಗೆದ ಗುರುತು. ಸಾರಜನಕ ಉಕ್ಕಿನೊಳಕ್ಕೇ ಇಳಿದಿರುತ್ತದೆ. ಕ್ರೋಮ್ ಮೇಲಿಂದ ಕೂರಿಸಿದ ಪದರ. ಎರಡೂ ಕೆಲವೇ ಮೈಕ್ರಾನ್ ದಪ್ಪ, ಎರಡರ ಕೆಲಸವೂ ಸ್ಟೆಮ್ ಜಾರಾಡುವ ಕೊಳವೆ, ಅಂದರೆ ಗೈಡ್ ಜೊತೆಗಿನ ಉಜ್ಜಾಟ ತಡೆಯುವುದು. ನಮ್ಮ ಹೆಡ್ಡಿನಲ್ಲಿರುವುದು ಬೀಡುಕಬ್ಬಿಣದ ಗೈಡ್, ಮೊದಲಿದ್ದದ್ದೂ ಕ್ರೋಮೇ, ಹಾಗಾಗಿ ಕ್ರೋಮ್ ಸ್ಟೆಮ್ಮಿನದನ್ನೇ ತಂದೆ.

ಸ್ಟೆಮ್ಮಿಗಿಂತ ನಾನು ಹೆಚ್ಚು ಹೊತ್ತು ತಿರುಗಿಸಿ ನೋಡಿದ್ದು ಫೇಸನ್ನು. ಎಕ್ಸಾಸ್ಟ್ ವಾಲ್ವಿನ ತಲೆ ಲೋಡಿನಲ್ಲಿ 700 ಡಿಗ್ರಿ ಆಸುಪಾಸು ಕಾಯುತ್ತದೆ. ಅಷ್ಟು ಬಿಸಿಗೆ ಸಾಮಾನ್ಯ ಉಕ್ಕು ಮೆದುವಾಗಿಬಿಡುತ್ತದೆ; ಫೇಸಿಗೆ ಕೂರಿಸುವ ಸ್ಟೆಲೈಟ್ ಅಷ್ಟು ಸುಲಭಕ್ಕೆ ಗಡಸುತನ ಬಿಟ್ಟುಕೊಡುವುದಿಲ್ಲ. ಅದು ಕೋಬಾಲ್ಟ್ ಮಿಶ್ರಲೋಹ. ಸ್ಟೆಲೈಟ್ 6 ಆದರೆ ಅದರಲ್ಲಿ ಕ್ರೋಮಿಯಂ ಸುಮಾರು 28%, ಟಂಗ್‌ಸ್ಟನ್ 4%. ವೆಲ್ಡ್ ಮಾಡಿ ಕೂರಿಸುವುದರಿಂದ ದಪ್ಪವೂ ಇರುತ್ತದೆ, ಹಗುರಾಗಿ ಗ್ರೈಂಡ್ ಮಾಡಿದರೂ ಉಳಿಯುತ್ತದೆ. ಬೆಳಕಿಗೆ ಓರೆ ಹಿಡಿದರೆ ಫೇಸ್ ಸುತ್ತ ಬೇರೆ ಛಾಯೆಯ ಉಂಗುರ ಕಾಣುತ್ತದೆ. ಜೇಬಿನಲ್ಲಿ ಅಯಸ್ಕಾಂತವನ್ನೂ ಇಟ್ಟುಕೊಂಡು ಹೋಗಿದ್ದೆ: 21-4ಎನ್ ಅನ್ನುವ ಬಿಸಿ ತಡೆಯುವ ಉಕ್ಕಿನ ತಲೆಗೆ ಅದು ಅಂಟುವುದಿಲ್ಲ, ಬೇರೆ ಉಕ್ಕಿನಲ್ಲಿ ಮಾಡಿ ಜೋಡಿಸಿದ ಸ್ಟೆಮ್ಮಿನ ತುದಿಗೆ ಅಂಟುತ್ತದೆ. ಅಂಗಡಿಯವರು ನಕ್ಕರು, ನಗಲಿ.

ಲೇತ್‌ನಲ್ಲಿ ಮಾತ್ರ ಜಗಳವೇ ಆಯಿತು. ಹೊಸ ಸ್ಟೆಮ್ ಗೈಡಿನೊಳಗೆ ಬಿಗಿ ಬಂತು ಅಂತ ಎಮರಿ ಕಾಗದ ಸುತ್ತಿ ಉಜ್ಜಲು ಹೊರಟಿದ್ದರು! ಆ ನಾಲ್ಕು ಮೈಕ್ರಾನಿಗೇ ನಾನು ದುಡ್ಡು ಕೊಟ್ಟದ್ದು. ಬಿಗಿಯಾದರೆ ರಂಧ್ರ ಹಿಗ್ಗಿಸುವ ರೀಮರ್ ಹಾಕಬೇಕಾದ್ದು ಗೈಡಿಗೆ. ಎದುರಿಗೇ ನಿಂತು ಅದನ್ನೇ ಮಾಡಿಸಿದೆ. ಲ್ಯಾಪಿಂಗ್ (ವಾಲ್ವನ್ನು ಸೀಟಿಗೆ ಅರೆದು ಕೂರಿಸುವುದು) ಮನೆಯಲ್ಲೇ, ನಯವಾದ ಪೇಸ್ಟಿನಲ್ಲಿ, ಸೀಟಿನ ಸುತ್ತ ಒಂದೇ ಸಮ ಬೂದು ಗೆರೆ ಬರುವವರೆಗೆ. ಪೇಸ್ಟ್ ಒಂದು ಕಣವೂ ಗೈಡಿಗೆ ಇಳಿಯಬಾರದು, ಇಳಿದರೆ ಕ್ರೋಮನ್ನೇ ಅರೆಯುತ್ತದೆ. ಆಮೇಲೆ ಪೋರ್ಟಿಗೆ ಸೀಮೆಎಣ್ಣೆ ಸುರಿದು ಸೋರುತ್ತದಾ ನೋಡಿದೆ.

ಮಳೆಗಾಲಕ್ಕೆ ಯಾವ ಲೇಪನವೂ ಮದ್ದಲ್ಲ ಅನ್ನುವುದು ನನ್ನ ಅಭಿಪ್ರಾಯ. ವಾಲ್ವ್ ಉಳಿದರೂ ಬೀಡಿನ ಗೈಡ್ ತುಕ್ಕು ಹಿಡಿದು ಅದನ್ನು ಕಚ್ಚಿಕೊಳ್ಳುತ್ತದೆ. ಸಿಂಗಲ್ ಸಿಲಿಂಡರ್ ಇದ್ದವರು ಫ್ಲೈವೀಲ್ ತಿರುಗಿಸಿ ಕಂಪ್ರೆಷನ್‌ಗೆ ನಿಲ್ಲಿಸಿದರೆ ಎರಡೂ ವಾಲ್ವ್ ಮುಚ್ಚಿರುತ್ತವೆ. ನಮ್ಮದರಲ್ಲಿ ಒಂದು ಸಿಲಿಂಡರಿನದು ಮುಚ್ಚಿದರೆ ಇನ್ನೊಂದರದು ತೆರೆದಿರುತ್ತದೆ. ಅದಕ್ಕೆ ಮೇ ಕೊನೆಯಲ್ಲಿ ವಾಲ್ವನ್ನು ಒತ್ತಿ ತೆರೆಯುವ ರಾಕರ್‌ಗಳನ್ನೇ ಬಿಚ್ಚಿ, ಸ್ಟೆಮ್ಮುಗಳಿಗೆ ಎಣ್ಣೆ ಬಿಟ್ಟು, ಸೈಲೆನ್ಸರ್ ಬಾಯಿಗೆ ಡಬ್ಬ ಕವುಚುತ್ತೇನೆ. ಜನವರಿಯಲ್ಲಿ ರಾಕರ್ ಕೂರಿಸಿ, ರಾಕರ್-ವಾಲ್ವ್ ನಡುವಿನ ಟ್ಯಾಪೆಟ್ ಸಂದು ನೋಡಿ, ಮೊದಲು ಹ್ಯಾಂಡಲ್‌ನಲ್ಲಿ ಕೈಯಿಂದ ತಿರುಗಿಸಿದ ಮೇಲೆಯೇ ಸ್ಟಾರ್ಟ್.