ಕೆರೆ ನೀರಿನ ಇ. ಕೋಲಿ: ಎರಡನೇ ಚಿಪ್ ಇಟ್ಟ ಮೇಲೆ ದಾರಿಗೆ ಬಂತು

ಚಿನ್ನದ ಚಿಪ್ (ಕರೆಂಟ್ ಅಳೆಯುವ ಎಲೆಕ್ಟ್ರೋಡ್) ಮೇಲೆ ಡಿಎನ್ಎ ಪ್ರೋಬ್, ಅಂದರೆ ಗುರಿಗೆ ಜೋಡಿಯಾಗುವ ಚಿಕ್ಕ ಎಳೆ, ಕೂರಿಸಿ ಶುದ್ಧ ಬಫರ್ ದ್ರಾವಣದಲ್ಲಿ ಮಲದಿಂದ ಬರುವ ಬ್ಯಾಕ್ಟೀರಿಯಾ ಇ. ಕೋಲಿ ಹಿಡಿಯುವುದು ನಮ್ಮಲ್ಲಿ ಯಾರಿಗೆ ಬರುವುದಿಲ್ಲ? ಕೋಲಾರದ ಕೆರೆ ನೀರಲ್ಲಿ ಹಿಡಿಯಬೇಕು, ಅದೇ ನಿಜವಾದ ಪರೀಕ್ಷೆ. 2018ರಲ್ಲಿ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗಿನಿಂದ ನನಗೆ ಇದೇ ಗುಂಗು. "ಕಾಲೇಜು ಲ್ಯಾಬಲ್ಲಿ ಇದೆಲ್ಲ ಆಗುತ್ತಾ ಸಾರ್?" ಅಂದವರೇ ಜಾಸ್ತಿ. ಆಯಿತು.

ಗುರಿ ಇ. ಕೋಲಿಯ ಗುರುತಾದ ಯುಐಡಿಎ ಜೀನ್. ಮೆಥಿಲೀನ್ ಬ್ಲೂ ಬಣ್ಣ ಅಂಟಿಸಿದ ಪ್ರೋಬ್‌ನ ಬೆಲೆ ಕೇಳಿಯೇ ಕೈಬಿಟ್ಟೆ. ಬರೀ ಥಯಾಲ್ (ಚಿನ್ನಕ್ಕೆ ಅಂಟುವ ಗಂಧಕದ ತುದಿ) ಪ್ರೋಬ್ ತರಿಸಿದೆ, ನಾಲ್ಕೈದು ಸಾವಿರದಲ್ಲಿ ಮುಗಿಯಿತು. ಬಣ್ಣ ಲ್ಯಾಬಿನ ಬಾಟಲಿಯದೇ. ಅದು ಪ್ರೋಬ್‌ನ ಗ್ವಾನಿನ್‌ಗೆ (ಡಿಎನ್ಎಯ ನಾಲ್ಕು ಅಕ್ಷರಗಳಲ್ಲಿ ಒಂದು) ಅಂಟುತ್ತದೆ, ಜೋಡಿ ಎಳೆ ಬಂದು ಕೂತರೆ ಕರೆಂಟ್ ಇಳಿಯುತ್ತದೆ.

ತೊಂದರೆ ಶುರುವಾದದ್ದೇ ಈ ಇಳಿಕೆಯಿಂದ. ಜೀನನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಅನ್ನು ಕೆರೆಯ ಹ್ಯೂಮಿಕ್ ಆಸಿಡ್ (ಕೊಳೆತ ಗಿಡಮರಗಳಿಂದ ಬರುವ ಕಂದು ವಸ್ತು) ಕಟ್ಟಿಹಾಕುತ್ತಿತ್ತು. ಲೈಸೇಟನ್ನು (ಬ್ಯಾಕ್ಟೀರಿಯಾ ಒಡೆದು ಬಂದ ದ್ರವ) ಹತ್ತು ಪಟ್ಟು ತೆಳು ಮಾಡಿ, ಬಿಎಸ್ಎ ಅನ್ನುವ ಪ್ರೋಟೀನ್ ಹಾಕಿದೆ. ಪಿಸಿಆರ್ ಸರಿಹೋಯಿತು, ಚಿಪ್ ಕೆಟ್ಟಿತು! ಬಿಎಸ್ಎ ಚಿನ್ನಕ್ಕೆ ಮೆತ್ತಿಕೊಂಡರೂ ಕರೆಂಟ್ ಇಳಿಯುತ್ತದಲ್ಲ. ಬ್ಯಾಕ್ಟೀರಿಯಾ ಇಲ್ಲದ ಬ್ಲ್ಯಾಂಕ್ ಕೂಡ ಪಾಸಿಟಿವ್. ಚಿಪ್ ಒಂದಕ್ಕೆ ಮುನ್ನೂರು ರೂಪಾಯಿ ಮೇಲೆ. ಹೀಗೆ ಕಸಕ್ಕೆ ಹೋದವುಗಳ ದುಡ್ಡಲ್ಲಿ ಒಂದು ಹಳೇ ಮೊಪೆಡ್ ಬರುತ್ತಿತ್ತು.

ಕೊನೆಗೆ ಕೈಹಿಡಿದದ್ದು ಎರಡನೇ ಚಿಪ್. ಯಾವ ಬ್ಯಾಕ್ಟೀರಿಯಾಗೂ ಹೊಂದದ ಪ್ರೋಬ್ ಅದರ ಮೇಲೆ. ಉದ್ದ ಒಂದೇ ಇದ್ದರೆ ಸಾಲದು, ಗ್ವಾನಿನ್ ಲೆಕ್ಕವೂ ಒಂದೇ ಇರಬೇಕು. ಇಲ್ಲದಿದ್ದರೆ ಬಣ್ಣ ಎರಡಕ್ಕೂ ಒಂದೇ ಸಮ ಹಿಡಿಯುವುದಿಲ್ಲ. ಒಂದೇ ಮಾದರಿಯನ್ನು ಎರಡಕ್ಕೂ ಹಾಕಿ, ಮೊದಲ ಚಿಪ್‌ನ ಇಳಿಕೆಯಿಂದ ಎರಡನೆಯದ್ದನ್ನು ಕಳೆಯಿರಿ. ಬ್ಲ್ಯಾಂಕ್ ಸೊನ್ನೆಯ ಹತ್ತಿರ ಬಂತು. ಕೆರೆ ನೀರು ಸುಮಾರು ಶೇ. 40 ಇಳಿಕೆ ತೋರಿಸಿತು. ಖರ್ಚು ಡಬಲ್, ನಿಜ. ಆದರೆ ನಂಬಬಹುದಾದ ಡಬಲ್.

ಚಿಪ್‌ಗೆ ಕೂರಲು ಒಂಟಿ ಎಳೆ ಸಿಗಲಿ ಅಂತ ಅಸಿಮೆಟ್ರಿಕ್ ಪಿಸಿಆರ್ (ಒಂದು ಎಳೆಯನ್ನೇ ಹೆಚ್ಚು ನಕಲು ಮಾಡುವುದು) ಮಾಡುತ್ತೇನೆ. ನಕಲು ಶುರುಮಾಡುವ ಪ್ರೈಮರ್ ತುಣುಕುಗಳು ಎಷ್ಟಕ್ಕೆ ಎಷ್ಟು, ತೊಳೆಯುವ ಬಫರ್‌ನಲ್ಲಿ ಉಪ್ಪೆಷ್ಟು, ಅವೆರಡನ್ನು ಮಾತ್ರ ಕೇಳಬೇಡಿ.

ಮಧ್ಯೆ ಪೆನ್ಸಿಲ್ ಕಡ್ಡಿಯನ್ನೇ ಎಲೆಕ್ಟ್ರೋಡ್ ಮಾಡಿ ನೋಡಿದೆ. ಶುದ್ಧ ಡಿಎನ್ಎಗೆ ಗ್ವಾನಿನ್ ಪೀಕ್ 1 ವೋಲ್ಟ್ ಆಸುಪಾಸಿನಲ್ಲಿ ಚೆನ್ನಾಗಿ ಬಂತು. ಕೆರೆ ನೀರಿಗೆ ಬರೀ ಗುಡ್ಡಗಾಡು. ವಿದ್ಯಾರ್ಥಿಗಳಿಗೆ ಕಲಿಸಲು ಸಾಕು.

ಬ್ಲೀಚಿಂಗ್ ಪೌಡರ್ ಹಾಕಿದ ಓವರ್‌ಹೆಡ್ ಟ್ಯಾಂಕಿನ ನೀರು ಇನ್ನೊಂದು ತಲೆನೋವು. ಪ್ಲೇಟಲ್ಲಿ ಏನೂ ಬೆಳೆಯುವುದಿಲ್ಲ, ಚಿಪ್ ಮಾತ್ರ ಇದೆ ಅನ್ನುತ್ತದೆ. ಸತ್ತವುಗಳ ಡಿಎನ್ಎ ಅಷ್ಟು ಬೇಗ ಹೋಗುವುದಿಲ್ಲ. ಈಗ ಕ್ಲೋರಿನ್ ಕೆಲಸ ನಿಲ್ಲಲಿ ಅಂತ ಬಾಟಲಿಗೆ ಮೊದಲೇ ಥಯೋಸಲ್ಫೇಟ್ ಹಾಕಿರುತ್ತೇನೆ. ನೀರು ಸೋಸಿದ ಮೆಂಬ್ರೇನ್ ಫಿಲ್ಟರನ್ನು ಬ್ರಾತ್‌ಗೆ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಇಳಿಸಿದ ಕೂಡಲೇ ಒಮ್ಮೆ, 37 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಇಟ್ಟು ಮತ್ತೊಮ್ಮೆ ಅಳೆಯುತ್ತೇನೆ. ಇಳಿಕೆ ಜಾಸ್ತಿಯಾದರೆ ಜೀವಂತ ಇವೆ. ಇದಕ್ಕೆ ಪಿಸಿಆರ್ ಸೈಕಲ್ 25ರ ಹತ್ತಿರ ನಿಲ್ಲಿಸಬೇಕು. 35ಕ್ಕೆ ಬಿಟ್ಟರೆ ಎರಡೂ ಅಳತೆ ಒಂದೇ ಥರ ಕಾಣುತ್ತವೆ.

ಈಗ ಒಂದು ಮಾದರಿಗೆ ಎಲ್ಲ ಸೇರಿ ಸಾವಿರ ರೂಪಾಯಿ ಒಳಗೆ. ಬೆಳಿಗ್ಗೆ ತಂದ ನೀರಿಗೆ ಸಂಜೆ ಉತ್ತರ. ಟ್ಯೂಬುಗಳಲ್ಲಿ ಬೆಳೆಸಿ ಎಣಿಕೆ ಅಂದಾಜು ಮಾಡುವ ಎಂಪಿಎನ್ ಆದರೆ ಎರಡು ದಿನ. ಆದರೂ ಕುಡಿಯುವ ನೀರಿಗೆ ಎಂಪಿಎನ್ ಬಿಟ್ಟಿಲ್ಲ. 100 ಮಿಲೀ ನೀರಲ್ಲಿ ಒಂದೂ ಇ. ಕೋಲಿ ಇರಬಾರದು ಅನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500. ಆ ಒಂದನ್ನು ಹಿಡಿಯಲು ನನ್ನ ಚಿಪ್‌ಗೆ ನಾಲ್ಕೈದು ಗಂಟೆಯ ಬ್ರಾತ್ ಸಾಲದು. ರಾತ್ರಿಯಿಡೀ ಇಟ್ಟು ನೋಡುತ್ತಿದ್ದೇನೆ.