ಲಿವಿಂಗ್‌ಸ್ಟನ್ನಿನಲ್ಲಿ ಒಂದು ಚಳಿಗಾಲ

ನ್ಯೂ ಮೆಕ್ಸಿಕೋದ ಟುಕುಮ್‌ಕಾರಿಯಲ್ಲಿ ಒಂದು ರಾತ್ರಿ ನಮ್ಮವರಿಗೆ ಕಿಡ್ನಿ ಕಲ್ಲಿನ ನೋವು ಬಂತು. ಅವರು ಆರ್‌ವಿಯ, ಅಂದರೆ ನಮ್ಮ ಗಾಲಿ ಮನೆಯ, ಮಂಚದ ಮೇಲೆ ಮುರುಟಿಕೊಂಡಿದ್ದಾರೆ, ನಾನು ಕೀಲಿಕೈ ಹಿಡಿದು ನಿಂತಿದ್ದೇನೆ. ಕಾರಾಗಿದ್ದರೆ ಓಡಿಸುತ್ತಿದ್ದೆ. ಇಪ್ಪತ್ತೆಂಟು ಅಡಿಯ ಆ ಮನೆಯನ್ನು ಮೂರು ವರ್ಷದಲ್ಲಿ ಒಂದು ಗಜ ಕೂಡ ಓಡಿಸಿರಲಿಲ್ಲ. ಅಡುಗೆ, ನಕ್ಷೆ, ಲೆಕ್ಕ ನನ್ನದು, ಸ್ಟೇರಿಂಗ್ ಅವರದು. ಮದುವೆಯಾದಾಗಿನಿಂದ ಬಂದ ಪಾಲುಪಟ್ಟಿ ಇದು, ಯಾರೂ ಬರೆದುಕೊಟ್ಟದ್ದಲ್ಲ. ಕೊನೆಗೆ ಪಕ್ಕದ ಜಾಗದಲ್ಲಿದ್ದ ಗಂಡ ಹೆಂಡತಿ ತಮ್ಮ ಟ್ರಕ್ಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಅವರ ಗಾಡಿಯ ಹಿಂಭಾಗದಲ್ಲಿ ಎಸ್ಕೇಪೀಸ್ ಎಂಬ ಆರ್‌ವಿಯವರ ಕ್ಲಬ್ಬಿನ ಸ್ಟಿಕರ್ ಇತ್ತು.

ಈ ಕ್ಲಬ್ಬನ್ನು 1978ರಲ್ಲಿ ಕಟ್ಟಿದವರು ಜೋ ಮತ್ತು ಕೇ ಪೀಟರ್‌ಸನ್. ಆತ ಎಲೆಕ್ಟ್ರಿಷಿಯನ್, ಆಕೆ ನರ್ಸ್. ಕೇಂದ್ರ ಇರುವುದು ಟೆಕ್ಸಾಸಿನ ಲಿವಿಂಗ್‌ಸ್ಟನ್‌ನಲ್ಲಿ, ಹ್ಯೂಸ್ಟನ್ನಿನಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್, ಪೈನ್ ಮರಗಳ ನಡುವೆ. ನಾವು ಹ್ಯೂಸ್ಟನ್ನಿನವರು, ಎಷ್ಟೋ ಸಲ 59ನೇ ಹೆದ್ದಾರಿಯಲ್ಲಿ ಅದನ್ನು ದಾಟಿ ಹೋಗಿದ್ದೆವು. ಮನೆ ಮಾರಿ ವರ್ಷವಿಡೀ ತಿರುಗುವ ಸಾವಿರಾರು ಜನಕ್ಕೆ ಅಂಚೆ ವಿಳಾಸ ಲಿವಿಂಗ್‌ಸ್ಟನ್. ಓಟು, ಲೈಸೆನ್ಸು, ಬ್ಯಾಂಕಿನ ಕಾಗದ ಎಲ್ಲ ಅಲ್ಲಿಗೇ. ಅದೇ ಆವರಣದಲ್ಲಿ, ರೇನ್‌ಬೋಸ್ ಎಂಡ್ ಎಂಬ ಪಾರ್ಕಿನಲ್ಲಿ, 'ಕೇರ್' ಎಂಬ ನೆರವಿನ ಕೇಂದ್ರವಿದೆ. ತಿರುಗಾಟ ಮುಗಿದವರು, ಕಾಯಿಲೆಯವರು, ಒಬ್ಬರೇ ಉಳಿದವರು ತಮ್ಮ ಆರ್‌ವಿಯನ್ನು ಅಲ್ಲಿ ನಿಲ್ಲಿಸಿ ಅದರಲ್ಲೇ ವಾಸಿಸುತ್ತಾರೆ. ಊಟ, ವೈದ್ಯರ ಬಳಿಗೆ ಹೋಗಲು ಗಾಡಿ, ಮನೆಗೆಲಸದ ನೆರವು ಬಂದು ಸೇರುತ್ತದೆ. ವೃದ್ಧಾಶ್ರಮಕ್ಕೆ ಹೋಗಬೇಕಾದರೆ ಮನೆ ಬಿಡಬೇಕು. ಇಲ್ಲಿ ಬಿಡಬೇಕಾದದ್ದು ರಸ್ತೆ ಮಾತ್ರ. ಹಾಗೆಂದು ಇದು ನರ್ಸಿಂಗ್ ಹೋಮ್ ಅಲ್ಲ. ಹಾಸಿಗೆ ಹಿಡಿದವರನ್ನು ಹಗಲಿರುಳು ನೋಡಿಕೊಳ್ಳುವ ಏರ್ಪಾಡು ಬೇಕಾದಾಗ ಬೇರೆ ದಾರಿ ಹುಡುಕಲೇಬೇಕು.

ದುಡ್ಡಿನ ಮಾತೂ ಹೇಳಿಬಿಡುತ್ತೇನೆ, ನಮ್ಮ ಜನ ಇದರಲ್ಲೇ ಎಡವುವುದು. ಅರವತ್ತೈದಾದರೆ ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್ ಎಲ್ಲ ನೋಡಿಕೊಳ್ಳುತ್ತದೆ ಎಂದು ನಾವೂ ನಂಬಿದ್ದೆವು. ಸ್ನಾನ ಮಾಡಿಸಲು, ಬಟ್ಟೆ ತೊಡಿಸಲು, ಊಟ ಕೊಡಲು ಬೇಕಾಗುವ ದೀರ್ಘಕಾಲದ ನೆರವಿಗೆ ಅದು ಕಾಸು ಕೊಡುವುದಿಲ್ಲ. ಇಂಥ ನೆರವು ಕೊಡುವ ಅಮೆರಿಕದ ಅಸಿಸ್ಟೆಡ್ ಲಿವಿಂಗ್ ಮನೆಗಳಲ್ಲಿ ತಿಂಗಳಿಗೆ 4,000 ಡಾಲರ್ ದಾಟುವುದು ಮಾಮೂಲು.

ಕೇರ್‌ಗೆ ನಾವು ಮೊದಲು ಹೋದದ್ದು ಇರಲಿಕ್ಕಲ್ಲ, ದುಡಿಯಲಿಕ್ಕೆ. ಅಲ್ಲಿನ ಕೆಲಸದ ಬಹುಪಾಲು ಸ್ವಯಂಸೇವಕರ ಹೆಗಲ ಮೇಲಿದೆ. ಅವರೂ ಆರ್‌ವಿಯವರೇ, ಗಾಡಿ ನಿಲ್ಲಿಸಲು ಜಾಗ ಮತ್ತು ಊಟ, ಅದೇ ಕೂಲಿ. 2018ರ ಕೊನೆಯಲ್ಲಿ ಹೋದ ನಮಗೆ ನನ್ನ ಪಾಲಿಗೆ ಅಡುಗೆಮನೆ, ನಮ್ಮವರ ಪಾಲಿಗೆ ವ್ಯಾನು ಬಂತು. ಅವರು ಜನರನ್ನು ಲಫ್ಕಿನ್‌ಗೆ, ಒಮ್ಮೊಮ್ಮೆ ಹ್ಯೂಸ್ಟನ್ನಿಗೆ ವೈದ್ಯರ ಬಳಿ ಕರೆದೊಯ್ಯುತ್ತಿದ್ದರು. ನಾನು ತಟ್ಟೆ ತೊಳೆದೆ, ಹೆಸರಿಗೆ ತಕ್ಕಂತೆ ಪಥ್ಯದ ಊಟ ಜೋಡಿಸಿದೆ. ಟೆಕ್ಸಾಸಿನಲ್ಲಿ ಹುರುಳಿಕಾಯಿ ಪಲ್ಯಕ್ಕೂ ಹಂದಿಮಾಂಸ ಬೀಳುತ್ತದೆ, ಶಾಕಾಹಾರಿಗಳು ಕೇಳಿಯೇ ತಿನ್ನಬೇಕು. ಗ್ರಿಟ್ಸ್ ಮಾತ್ರ ನನ್ನನ್ನು ಕಾಪಾಡಿತು. ಮೆಕ್ಕೆಜೋಳದ ತರಿಯ ಗಂಜಿ ಅದು. ಒಗ್ಗರಣೆ ಹಾಕಿ ಕರಿಬೇವು ಬಿದ್ದರೆ ಉಪ್ಪಿಟ್ಟಿನ ದಾಯಾದಿ.

ಅಲ್ಲಿ ಒಬ್ಬ ಮುದುಕರು ಪ್ರತಿ ಶನಿವಾರ ತಮ್ಮ ಮೋಟಾರ್‌ಹೋಮಿನ ಎಂಜಿನ್ ಶುರು ಮಾಡಿ ಇಪ್ಪತ್ತು ನಿಮಿಷ ಬಿಡುತ್ತಿದ್ದರು. ಟೈರುಗಳ ಬದಿಯಲ್ಲಿ ಬಿರುಕು ಬಿಟ್ಟಿತ್ತು. ಆರ್‌ವಿ ಟೈರು ಸವೆಯುವ ಮೊದಲೇ ವಯಸ್ಸಾಗಿ ಹಾಳಾಗುತ್ತದೆ, ಐದಾರು ವರ್ಷದ ನಂತರ ನಂಬಬಾರದು. ಅವರ ಲೈಸೆನ್ಸ್ ಕೂಡ ಮುಗಿದಿತ್ತು. ಟೆಕ್ಸಾಸಿನಲ್ಲಿ 79 ತುಂಬಿದವರು ನವೀಕರಿಸಲು ಖುದ್ದಾಗಿ ಹೋಗಿ ಕಣ್ಣು ತೋರಿಸಬೇಕು, ಇವರು ಹೋಗಲೇ ಇಲ್ಲ. "ಎಲ್ಲಿಗೆ ಹೊರಟಿರಿ?" ಎಂದು ಮೊದಲ ಶನಿವಾರ ಹಾಸ್ಯ ಮಾಡಿದೆ. ಅವರಿಗೆ ಕೋಪ ಬಂತು. ಎರಡನೆಯ ವಾರ ಬಾಯಿ ಮುಚ್ಚಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತೆ. ಎಂಜಿನ್ ನಿಲ್ಲಿಸಿದ ಮೇಲೆ ಅಲಾಸ್ಕ ಹೆದ್ದಾರಿಯ ಕಥೆ ಶುರುವಾಯಿತು. ಅಲ್ಲಿಂದ ನನ್ನ ಶನಿವಾರ ಬೆಳಗ್ಗೆ ಅವರದ್ದೇ.

ಆದರೆ ನನ್ನನ್ನು ತಟ್ಟಿ ಎಬ್ಬಿಸಿದವರು ವಿಧವೆಯರು. ಊಟದ ಮೇಜಿನಲ್ಲಿ ಒಬ್ಬರಾದ ಮೇಲೊಬ್ಬರು ಹೇಳಿದ್ದು ಒಂದೇ ಕಥೆ: ಗಂಡ ತೀರಿಕೊಂಡ ಊರಿನಿಂದ ಗಾಡಿಯನ್ನು ಇಲ್ಲಿಗೆ ತಂದವರು ಬೇರೆ ಯಾರೋ. ಒಬ್ಬಾಕೆಗೆ ಗ್ಯಾಸಿನ ವಾಲ್ವ್ ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲವಂತೆ. ನಾನು ತಲೆ ತಗ್ಗಿಸಿ ಸಾರು ಬಡಿಸಿದೆ. ನನಗೂ ಗೊತ್ತಿರಲಿಲ್ಲ.

ಮರುದಿನವೇ ಶುರು ಮಾಡಿದೆವು. ಮೊದಲು ವಾಲ್ವ್, ಬ್ಯಾಟರಿ ಕಡಿಯುವ ಸ್ವಿಚ್, ನೀರಿನ ಪಂಪು, ಕೊಳಕು ನೀರಿನ ತೊಟ್ಟಿ ಖಾಲಿ ಮಾಡುವುದು. ಈ ಕೊನೆಯದಕ್ಕೆ ಕೈಗವಸು ಬೇಕು, ಧೈರ್ಯವೂ ಬೇಕು. ಎರಡನೆಯ ವಾರ ಇಬ್ಬರ ಔಷಧಿಗಳ ಪಟ್ಟಿ, ಅಲರ್ಜಿ, ವೈದ್ಯರ ಫೋನು, ಮಗಳ ಫೋನು ಒಂದೇ ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆವು. ಆಂಬ್ಯುಲೆನ್ಸಿನವರು ನೋಡುವ ಜಾಗ ಅದು. ಪ್ರಜ್ಞೆ ತಪ್ಪಿದರೆ ಚಿಕಿತ್ಸೆಯ ಬಗ್ಗೆ ಯಾರು ತೀರ್ಮಾನ ಹೇಳಬೇಕು ಎಂಬ ಪವರ್ ಆಫ್ ಅಟಾರ್ನಿ ಪತ್ರಕ್ಕೂ ಸಹಿ ಹಾಕಿದೆವು. ಆ ಸಂಜೆ ನಮ್ಮವರು ಮಾತಾಡಲಿಲ್ಲ. ಸಾವಿನ ಕಾಗದ ಬರೆಸಿಕೊಂಡೆ ಎಂಬಂತೆ ನನ್ನ ಕಡೆ ನೋಡಿದರು, ಅಷ್ಟೆ. ಮೆಟ್ಟಿಲಿನ ಪಕ್ಕ ಹಿಡಿಕೆ ಹಾಕಿಸಿದ್ದು ಅದಕ್ಕೂ ಹೆಚ್ಚು ಜಗಳ ತಂದಿತು.

ಓಡಿಸುವುದನ್ನು ಕಲಿಸಿದ್ದು ಅವರಲ್ಲ. ಗಂಡನ ಬಳಿ ಡ್ರೈವಿಂಗ್ ಕಲಿಯುವುದಕ್ಕಿಂತ ಸೋದರತ್ತೆಯ ಬಳಿ ಸಂಗೀತ ಕಲಿಯುವುದು ಮೇಲು. ಎಪ್ಪತ್ತೊಂದರ ಸ್ವಯಂಸೇವಕಿಯೊಬ್ಬಳು ಖಾಲಿ ಮೈದಾನದಲ್ಲಿ ಪ್ಲಾಸ್ಟಿಕ್ ಕೋನ್ ಇಟ್ಟು ಕಲಿಸಿದಳು. ಹಿಂಚಕ್ರದಾಚೆಗೆ ಬಾಲ ಉದ್ದವಿರುವುದರಿಂದ ನಾವು ಬಲಕ್ಕೆ ತಿರುಗಿಸಿದರೆ ಹಿಂಭಾಗ ಎಡಕ್ಕೆ ಬೀಸುತ್ತದೆ. ಇದು ತಲೆಗೆ ಹೋಗುವಷ್ಟರಲ್ಲಿ ನಾಲ್ಕು ಕೋನ್ ಸತ್ತವು. ಹಿಂದಕ್ಕೆ ಬರುವಾಗ ಅವಳ ನಿಯಮ ಒಂದೇ: ದಾರಿ ತೋರಿಸುವವರು ಕನ್ನಡಿಯಲ್ಲಿ ಕಾಣದಿದ್ದರೆ ಗಾಡಿ ನಿಲ್ಲಬೇಕು.

ಈಗ ನಮ್ಮವರ ಕಣ್ಣಿಗೆ ಗ್ಲಾಕೋಮ. ರಾತ್ರಿ ಓಡಿಸುವುದನ್ನು ಅವರೇ ಬಿಟ್ಟರು, ಹಗಲಿನದು ತಾನಾಗಿ ನನ್ನ ಕೈಗೆ ಬಂತು. ಕಳೆದ ನವೆಂಬರಿನಲ್ಲಿ ಲಿವಿಂಗ್‌ಸ್ಟನ್‌ಗೆ ಮತ್ತೆ ಹೋದೆವು, ಈ ಸಲವೂ ದುಡಿಯಲಿಕ್ಕೇ. ನಮ್ಮ ಹೆಸರು ಇನ್ನೊಂದು ಪಟ್ಟಿಗೆ ಯಾವಾಗ ಬರೆಸುವುದೆಂದು ಇಬ್ಬರೂ ಇನ್ನೂ ಬಾಯಿಬಿಟ್ಟು ಆಡಿಲ್ಲ. ಎರಡು ಪೈನ್ ಮರಗಳ ನಡುವಿನ ಜಾಗಕ್ಕೆ ಗಾಡಿಯನ್ನು ಹಿಂದಕ್ಕೆ ತರುತ್ತಿದ್ದೆ. ಅವರು ಎಡಗನ್ನಡಿಯಲ್ಲಿ ಕೈ ಬೀಸುತ್ತಿದ್ದರು, ಬಾ, ಬಾ, ಇನ್ನೂ ಬಾ. ಇದ್ದಕ್ಕಿದ್ದಂತೆ ಮಾಯವಾದರು. ಬ್ರೇಕ್ ಒತ್ತಿದೆ. ಎದೆ ಹೊಡೆದುಕೊಳ್ಳುತ್ತಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಅವರು ಬಗ್ಗಿ ಚಕ್ರದ ದಾರಿಯಲ್ಲಿದ್ದ ಪೈನ್ ಕಾಯಿಗಳನ್ನು ಆರಿಸಿ ಪಕ್ಕಕ್ಕೆ ಎಸೆಯುತ್ತಿದ್ದರು.

"ಯಾಕೆ ನಿಲ್ಲಿಸಿದೆ?" ಎಂದರು.