1/72 ವಿಮಾನಕ್ಕೆ ಪೈಲಟ್ ಮತ್ತು ನೆಲದ ಸಿಬ್ಬಂದಿ: ಹುಡುಕಿ, ಕೂರಿಸಿ, ಬಣ್ಣ ಹಚ್ಚುವ ಬಗೆ

ಸಣ್ಣ ಬೊಂಬೆ ಎಂದ ಕೂಡಲೇ ಎಲ್ಲರ ಚಿಂತೆ ಬಣ್ಣದ ಕಡೆ ಓಡುತ್ತದೆ. ಆದರೆ 1/72ರಲ್ಲಿ, ಅಂದರೆ ನಿಜದ ಎಪ್ಪತ್ತೆರಡನೇ ಒಂದು ಪಾಲಿನ ಅಳತೆಯಲ್ಲಿ, ಕೆಲಸ ಕೆಡುವುದು ಹೆಚ್ಚಾಗಿ ಬಣ್ಣದಿಂದಲ್ಲ. ಪೈಲಟ್ ಸೀಟಿನಲ್ಲಿ ಸರಿಯಾಗಿ ಕೂತಿರುವುದಿಲ್ಲ, ತಲೆ ಕ್ಯಾನೊಪಿಗೆ (ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳಕ್ಕೆ) ತಾಗಿರುತ್ತದೆ, ಇಲ್ಲವೇ ಅಳತೆಯಲ್ಲಿ ಅವನು ಹತ್ತು ವರ್ಷದ ಹುಡುಗನಾಗಿರುತ್ತಾನೆ. ಹಾಗಾಗಿ ಮೊದಲು ಅಳತೆ, ಆಮೇಲೆ ಕೂರಿಸುವುದು, ಕೊನೆಗೆ ಬಣ್ಣ. ಇಲ್ಲಿ ಉದಾಹರಣೆಗೆ 1940ರಿಂದ 1944ರ ನಡುವಿನ ಬ್ರಿಟಿಷ್ ಯುದ್ಧವಿಮಾನಗಳಾದ ಸ್ಪಿಟ್‌ಫೈರ್, ಹರಿಕೇನ್‌ಗಳನ್ನೇ ಇಟ್ಟುಕೊಂಡಿದ್ದೇವೆ. ಈ ಸ್ಕೇಲಿನಲ್ಲಿ ಹೆಚ್ಚಿನವರ ಮೇಜಿನ ಮೇಲೆ ಇರುವುದು ಅವೇ.

175 ಸೆಂ.ಮೀ. ಎತ್ತರದ ಮನುಷ್ಯ 1/72ರಲ್ಲಿ 24.3 ಮಿ.ಮೀ. ಆಗುತ್ತಾನೆ. 1/48ರಲ್ಲಿ 36.5, 1/144ರಲ್ಲಿ ಬರೀ 12. ಬೊಂಬೆ ಕೊಳ್ಳುವಾಗ ಪೊಟ್ಟಣದ ಮೇಲಿನ ಸಂಖ್ಯೆ ನಂಬದೆ ಅಡಿಯಿಂದ ನೆತ್ತಿಯವರೆಗೆ ಅಳೆಯಿರಿ. ಟೋಪಿ, ಪೀಠ ಎರಡನ್ನೂ ಬಿಟ್ಟು ಅಳೆಯಬೇಕು. ರೈಲು ಮಾಡೆಲ್‌ಗೆಂದು ಮಾರುವ 1/76ರ ಬೊಂಬೆ 23 ಮಿ.ಮೀ. ಇರುತ್ತದೆ. 1/72ಕ್ಕೆ ತಂದರೆ ಅದು 166 ಸೆಂ.ಮೀ. ಆಳು, ಧಾರಾಳವಾಗಿ ನಡೆಯುತ್ತದೆ. 1/87ರದ್ದು 20 ಮಿ.ಮೀ., ಅಂದರೆ 144 ಸೆಂ.ಮೀ. ವಿಮಾನದ ಪಕ್ಕ ನಿಲ್ಲಿಸಿದರೆ ಶಾಲಾ ಹುಡುಗನ ಹಾಗೆ ಕಾಣುತ್ತಾನೆ. 28 ಮಿ.ಮೀ. ಎಂದು ಮಾರುವ ಯುದ್ಧದಾಟದ ಬೊಂಬೆಗಳನ್ನು ಮುಟ್ಟಲೇಬೇಡಿ. ಎತ್ತರವನ್ನು ಹೇಗೋ ಸರಿಮಾಡಬಹುದು, ದಪ್ಪ ತಲೆ, ದಪ್ಪ ಕೈಗಳನ್ನು ಮಾಡಲಾಗದು.

ಮೊದಲು ನೋಡಬೇಕಾದ್ದು ನಿಮ್ಮದೇ ಬಿಡಿಭಾಗಗಳ ಡಬ್ಬಿ. ಏರ್‌ಫಿಕ್ಸ್‌ನ ಸಣ್ಣ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಒಬ್ಬ ಪೈಲಟ್ ಸಿಗುತ್ತಾನೆ. ಎಡುಆರ್ಡ್‌ನಂಥ ಕಂಪನಿಗಳು ಸೀಟು, ಬೆಲ್ಟು ಎಲ್ಲ ಚೆಂದವಾಗಿ ಕೊಟ್ಟರೂ ಮನುಷ್ಯನನ್ನು ಕೊಡುವುದು ಅಪರೂಪ. ಒಂದು ಕಿಟ್‌ನಲ್ಲಿ ಕ್ಯಾನೊಪಿ ತೆರೆದು ಕಾಕ್‌ಪಿಟ್ ಖಾಲಿ ಬಿಟ್ಟರೆ ಅದರ ಪೈಲಟ್ ಇನ್ನೊಂದಕ್ಕೆ ಆದ. ಬೆಲ್ಜಿಯಂನ ಪಿಜೆ ಪ್ರೊಡಕ್ಷನ್, ಚೆಕ್ ದೇಶದ ಸಿಎಮ್‌ಕೆ ಮತ್ತು ಏರೋಬೋನಸ್ ರೆಸಿನ್ ಪೈಲಟ್‌ಗಳನ್ನು ಮಾಡುತ್ತವೆ. ಜರ್ಮನಿಯ ಪ್ರೈಸರ್‌ನವರದು ಗಟ್ಟಿ ಪ್ಲಾಸ್ಟಿಕ್, ಮೈಕಟ್ಟು ಬಲು ಸಹಜ. ನೆಲದ ಸಿಬ್ಬಂದಿಗೆ ಏರ್‌ಫಿಕ್ಸ್‌ನ ಹಳೆಯ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಸೆಟ್ ಇದೆ. ಅಗ್ಗ ಹೌದು, ಆದರೆ ಮೆತ್ತನೆಯ ಪಾಲಿಥೀನ್. ಯಾವುದೂ ಸಿಗದಿದ್ದರೆ 1/72ರ ಸೈನಿಕರ ಡಬ್ಬಿಯಿಂದ ಸುಮ್ಮನೆ ನಿಂತವನೊಬ್ಬನನ್ನು ತೆಗೆದು, ಬಂದೂಕು ಕತ್ತರಿಸಿ ತಲೆ ಬದಲಿಸಿದರೆ ಮೆಕ್ಯಾನಿಕ್ ಸಿದ್ಧ.

ವಸ್ತು ಯಾವುದೆಂದು ತಿಳಿಯದೆ ಅಂಟು ಹಚ್ಚಬೇಡಿ. ಗಟ್ಟಿ ಪಾಲಿಸ್ಟೈರೀನ್‌ಗೆ ಮಾಮೂಲಿ ಕಿಟ್ ಸಿಮೆಂಟ್ ಸಾಕು. ರೆಸಿನ್‌ಗೆ ಅದು ಹಿಡಿಯುವುದಿಲ್ಲ, ಫೆವಿಕ್ವಿಕ್ ಅಥವಾ ಎಪಾಕ್ಸಿ ಬೇಕು. ರೆಸಿನ್ ಉಜ್ಜುವಾಗ ನೀರು ಹಾಕಿಕೊಂಡೇ ಉಜ್ಜಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಪಾಲಿಥೀನ್‌ಗೆ ಅಂಟೂ ನೆಚ್ಚಿಗೆಯಿಲ್ಲ, ಬಣ್ಣವೂ ನೆಚ್ಚಿಗೆಯಿಲ್ಲ. ಬೊಂಬೆ ಬಾಗಿದರೆ ಮೇಲಿನ ಬಣ್ಣ ಬಾಗದೆ ಚಕ್ಕೆಯಾಗಿ ಏಳುತ್ತದೆ. ಅದಕ್ಕೆ ಸೋಪುನೀರಿನಲ್ಲಿ ಹಳೆಯ ಟೂತ್‌ಬ್ರಷ್‌ನಿಂದ ತೊಳೆದು ಒಣಗಿಸಿ, ನೀರು ಬೆರೆಸಿದ ಫೆವಿಕಾಲ್‌ನ ಒಂದು ತೆಳು ಪದರ ಬಳಿಯಿರಿ. ಅದು ಒಣಗಿದ ಮೇಲೆ ಅಕ್ರಿಲಿಕ್ ಬಣ್ಣ ಮಾತ್ರ ಹಚ್ಚಿ, ಮುಗಿದ ನಂತರ ಕೈಯಲ್ಲಿ ಹಿಡಿಯುವುದನ್ನು ಬಿಡಿ. ಸೋಪಿನ ಸ್ನಾನ ರೆಸಿನ್‌ಗೂ ಬೇಕು. ಅಚ್ಚಿನಿಂದ ಬಿಡಿಸಲು ಬಳಸಿದ ಎಣ್ಣೆಯಂಥ ಪದಾರ್ಥ ಮೈಮೇಲೆ ಉಳಿದಿದ್ದರೆ ಪ್ರೈಮರ್ ಹನಿಹನಿಯಾಗಿ ಸರಿದುಹೋಗುತ್ತದೆ.

ಈಗ ಕೂರಿಸುವ ವಿಚಾರ. ಕಿಟ್‌ನ ಗೋಡೆ 1 ಮಿ.ಮೀ. ದಪ್ಪ ಇದ್ದರೆ, ಲೆಕ್ಕದಲ್ಲಿ ಅದು 7.2 ಸೆಂ.ಮೀ. ಎರಡೂ ಕಡೆ ಸೇರಿ ಹದಿನಾಲ್ಕು ಸೆಂ.ಮೀ.ಗೂ ಹೆಚ್ಚು ಜಾಗ ಗೋಡೆಯ ಪಾಲಾಯಿತು. ನಿಜವಾದ ವಿಮಾನದ ಗೋಡೆ ಬರೀ ತಗಡು. ಅದಕ್ಕೇ ಅಳತೆ ಸರಿಯಿರುವ ಪೈಲಟ್ ಕೂಡ ಕಾಕ್‌ಪಿಟ್‌ನಲ್ಲಿ ಸಿಕ್ಕಿಬೀಳುತ್ತಾನೆ. ತಪ್ಪು ಬೊಂಬೆಯದಲ್ಲ, ಆದರೂ ಕೆತ್ತಬೇಕಾದ್ದು ಬೊಂಬೆಯನ್ನೇ. ಎರಡೂ ಮೊಣಕೈಗಳ ಹೊರಬದಿಯನ್ನು ಚಪ್ಪಟೆ ಮಾಡಿ. ಗೋಡೆಗೆ ತಾಗುವ ಆ ಭಾಗ ಯಾರಿಗೂ ಕಾಣುವುದಿಲ್ಲ.

ಎತ್ತರದ ತೊಂದರೆ ಬೇರೆ. ಆರ್‌ಎಎಫ್ ಪೈಲಟ್ ಕೂರುತ್ತಿದ್ದುದೇ ಪ್ಯಾರಾಚೂಟ್ ಗಂಟಿನ ಮೇಲೆ. ಕೆಲವು ಬೊಂಬೆಗಳಲ್ಲಿ ಆ ಗಂಟು ಅಡಿಗೆ ಅಂಟಿಕೊಂಡೇ ಬರುತ್ತದೆ. ಕಿಟ್‌ನ ಸೀಟಿನಲ್ಲೂ ಮೆತ್ತೆ ಇದ್ದರೆ ಲೆಕ್ಕ ಎರಡು ಸಲ ಆಯಿತು, ಪೈಲಟ್ 1ರಿಂದ 1.5 ಮಿ.ಮೀ. ಮೇಲೆ ಕೂರುತ್ತಾನೆ. ಅಷ್ಟನ್ನು ಅಡಿಯಿಂದ ಒರಟು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ತೆಗೆಯಿರಿ. ಕಣ್ಣು ಗನ್‌ಸೈಟ್‌ನ ಗಾಜಿನ ಮಟ್ಟಕ್ಕೆ ಬಂದರೆ ಸರಿ. ಅಂಟಿಸುವ ಮುಂಚೆ ವಿಮಾನದ ಎರಡೂ ಅರ್ಧಗಳನ್ನು ಟೇಪ್‌ನಿಂದ ಕಟ್ಟಿ, ಕ್ಯಾನೊಪಿ ಇಟ್ಟು ನೋಡಿ. ಪೈಲಟ್ ಇಲ್ಲದೆ ಕೂರುತ್ತಿದ್ದ ಕ್ಯಾನೊಪಿ ಈಗ ಒಂದು ಕೂದಲೆಳೆ ಎದ್ದರೂ ಇನ್ನಷ್ಟು ಉಜ್ಜಬೇಕು.

ಎಲ್ಲ ಪೈಲಟ್‌ಗಳೂ ನೇರ ಮುಂದೆ ನೋಡುತ್ತಾ ಕಂಬದ ಹಾಗಿರುವುದು ಇನ್ನೊಂದು ಕಾಟ. ಹೊಸ ಬ್ಲೇಡಿನಿಂದ ಕುತ್ತಿಗೆ ಕತ್ತರಿಸಿ, 0.5 ಮಿ.ಮೀ. ಹಿತ್ತಾಳೆ ತಂತಿಯ ಪಿನ್ ಹಾಕಿ ತಲೆಯನ್ನು ಇಪ್ಪತ್ತು ಡಿಗ್ರಿಯಷ್ಟು ತಿರುಗಿಸಿ ಅಂಟಿಸಿ. ಇಷ್ಟರಿಂದಲೇ ಅವನಿಗೆ ಜೀವ ಬರುತ್ತದೆ. ಬಾಕಿ ಏನೂ ಮಾಡದಿದ್ದರೂ ಇದೊಂದನ್ನು ಮಾಡಿ.

ಭಾರತೀಯ ಪೈಲಟ್ ಬೇಕೆಂದರೆ ಅದಕ್ಕೂ ದಾರಿಯಿದೆ. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರ ನೇತೃತ್ವದ 1ನೇ ಸ್ಕ್ವಾಡ್ರನ್ ಹಾರಿಸುತ್ತಿದ್ದುದು ಹರಿಕೇನ್‌ಗಳನ್ನೇ. ಅದಕ್ಕೂ ಮುಂಚೆ, 1941ರಲ್ಲಿ, ಮಹಿಂದರ್ ಸಿಂಗ್ ಪುಜ್ಜಿ ಇಂಗ್ಲೆಂಡಿನಲ್ಲಿ ಪೇಟ ಕಟ್ಟಿಕೊಂಡೇ ಹರಿಕೇನ್ ಹಾರಿಸಿದ್ದರು. ಪೇಟದ ಬೊಂಬೆ ಸಿಗುವುದು ಕಷ್ಟ, ಮಾಡುವುದು ಸುಲಭ. ತಲೆಯ ಮೇಲ್ಭಾಗವನ್ನು ಹುಬ್ಬಿನ ಗೆರೆಗೆ ಕತ್ತರಿಸಿ, ಗ್ರೀನ್ ಸ್ಟಫ್ ಪುಟ್ಟಿಯ ಸಾಸಿವೆ ಗಾತ್ರದ ಉಂಡೆ ಕೂರಿಸಿ, ಅರ್ಧ ಗಂಟೆ ಬಿಟ್ಟು ಒದ್ದೆ ಸೂಜಿಯಿಂದ ಎರಡೂ ಕಡೆಯಿಂದ ಹಣೆಯ ನಡುವಿಗೆ ಸೇರುವಂತೆ ಓರೆ ಗೆರೆಗಳನ್ನು ಒತ್ತಿ. ಒಂದೊಂದು ಕಡೆಗೆ ಮೂರೋ ನಾಲ್ಕೋ ಮಡಿಕೆ ಕಂಡರೆ ಸಾಕು. ಎಮ್-ಸೀಲ್ ಈ ಕೆಲಸಕ್ಕೆ ಬೇಡ, ಅದರ ಹಿಟ್ಟು ಒರಟು, ಮಡಿಕೆ ಹರಿದುಹೋಗುತ್ತದೆ.

ಇನ್ನು ಬಣ್ಣ. ಬೊಂಬೆಯ ಅಡಿಗೆ ತಂತಿ ಚುಚ್ಚಿ, ಆ ತಂತಿಯನ್ನು ಬಾಟಲಿ ಬಿರಡೆಗೆ ಸಿಕ್ಕಿಸಿ ಹಿಡಿದುಕೊಳ್ಳಿ. ಪ್ರೈಮರ್ ಮೊದಲು ಸುತ್ತಲೂ ಕಪ್ಪು, ಒಣಗಿದ ಮೇಲೆ ನೆತ್ತಿಯ ಕಡೆಯಿಂದ ಮಾತ್ರ ತೆಳ್ಳಗೆ ಬಿಳಿ. ನೆರಳು ಎಲ್ಲಿ ಬೀಳಬೇಕೆಂಬ ನಕ್ಷೆ ಆಗಲೇ ಕಾಣುತ್ತದೆ. ಇಷ್ಟು ಸಣ್ಣ ಬೊಂಬೆಯ ಮಡಿಕೆಗಳಲ್ಲಿ ಕೋಣೆಯ ಬೆಳಕು ತಾನಾಗಿ ನೆರಳು ಮಾಡುವುದಿಲ್ಲ, ನೆರಳನ್ನೂ ನಾವೇ ಬರೆಯಬೇಕು. ಬಣ್ಣವನ್ನು ನೀರುಮಜ್ಜಿಗೆಯಷ್ಟು ತೆಳುವಾಗಿಸಿ ಎರಡು ಸಲ ಹಚ್ಚಿ. ಬ್ರಷ್ ವಿಚಾರದಲ್ಲಿ ಐದು ಸೊನ್ನೆಯ ಕೂದಲಿಗೆ ಆಸೆಪಡಬೇಡಿ, ಅದರ ತುದಿಯಲ್ಲಿ ಬಣ್ಣ ಬೊಂಬೆಗೆ ತಲುಪುವ ಮೊದಲೇ ಒಣಗುತ್ತದೆ. ಚೂಪು ಮೊನೆಯ 0 ನಂಬರ್ ಸೇಬಲ್ ಬ್ರಷ್ ಒಂದಿದ್ದರೆ ಹೆಚ್ಚುಕಡಿಮೆ ಎಲ್ಲ ಕೆಲಸವೂ ಆಗುತ್ತದೆ.

ಸಮವಸ್ತ್ರದ ನೀಲಿಬೂದಿಗೆ ಹಂಬ್ರೋಲ್ ಕಂಪನಿಯ 96ನೇ ನಂಬರ್ ಬಣ್ಣ, ಚರ್ಮದ ಹೆಲ್ಮೆಟ್‌ಗೆ ಹಂಬ್ರೋಲ್ 62. ಅಕ್ರಿಲಿಕ್‌ನಲ್ಲಾದರೆ ವ್ಯಾಲೆಹೋ ಕಂಪನಿಯ 70.899 ನಂಬರಿನ ಕಡುನೀಲಿಗೆ ನಡುಬೂದಿ ಬೆರೆಸಿ. ಯಾವ ಬಣ್ಣವಾದರೂ ಹತ್ತರಲ್ಲೊಂದು ಪಾಲು ತಿಳಿ ಬಣ್ಣ ಸೇರಿಸಿಕೊಳ್ಳಿ, ಡಬ್ಬಿಯಲ್ಲಿದ್ದಂತೆ ಹಚ್ಚಿದರೆ ಸಣ್ಣ ಬೊಂಬೆ ಕಪ್ಪಿಟ್ಟು ಕಾಣುತ್ತದೆ. ಬೂಟಿಗೂ ಅಪ್ಪಟ ಕಪ್ಪು ಬೇಡ, 70.862ರಂಥ ಕಡುಬೂದಿ ಸಾಕು. ಲೈಫ್‌ಜಾಕೆಟ್ ಎಂದ ಕೂಡಲೇ ಹಳದಿ ಡಬ್ಬಿ ತೆರೆಯುವವರು ಸ್ವಲ್ಪ ತಾಳಬೇಕು. 1932ರ ಮಾದರಿಯದ್ದು ಹಸಿರುಮಿಶ್ರಿತ ಖಾಕಿ. 1940ರಲ್ಲಿ ಸಮುದ್ರದಲ್ಲಿ ಬಿದ್ದರೆ ಕಾಣಲೆಂದು ಪೈಲಟ್‌ಗಳು ತಾವೇ ಅದಕ್ಕೆ ಹಳದಿ ಬಳಿದುಕೊಂಡರು. ಹಾಗಾಗಿ ಆ ವರ್ಷದ ಪೈಲಟ್‌ಗೆ ಖಾಕಿಯೂ ಸರಿ, ಅಂಚಿನಲ್ಲಿ ಸವೆದು ಖಾಕಿ ಇಣುಕುವ ಹಳದಿಯೂ ಸರಿ.

ಮುಖಕ್ಕೆ ಇಂಗ್ಲಿಷ್ ಪೈಲಟ್ ಆದರೆ ವ್ಯಾಲೆಹೋ 70.955. ಭಾರತೀಯನಾದರೆ ಅದಕ್ಕೆ 70.941 ಕಂದು ಬೆರೆಸಿ, ಸಮಪಾಲಿನಿಂದ ಶುರುಮಾಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ. ಪಂಜಾಬಿನವನಿಗೂ ಮದರಾಸಿನವನಿಗೂ ಒಂದೇ ಬಟ್ಟಲಿನ ಬಣ್ಣ ಬೇಡ. ಕಂದು ಮೈಬಣ್ಣವನ್ನು ತಿಳಿಗೊಳಿಸಲು ಬಿಳಿ ಸೇರಿಸಿದರೆ ಮುಖ ಬೂದಿ ಬಳಿದಂತಾಗುತ್ತದೆ. ಬಿಳಿಯ ಬದಲು 70.955ನ್ನೇ ಇನ್ನಷ್ಟು ಸೇರಿಸಿ. ನೆರಳಿಗೆ ಕಪ್ಪು ಬೇಡ, ಕೆಂಗಂದು ಹಾಕಿ. ಬಣ್ಣ ಒಂದು, ನೀರು ಎಂಟು ಪಾಲಿನ ವಾಶ್ ಮಾಡಿ ಕಣ್ಣಿನ ಗುಳಿ, ಮೂಗಿನ ಅಡಿ, ಗಲ್ಲದ ಕೆಳಗೆ ಮುಟ್ಟಿಸಿ. ಹೆಚ್ಚಾದದ್ದನ್ನು ಒಣ ಬ್ರಷ್‌ನಿಂದ ಹೀರಿ ತೆಗೆಯದಿದ್ದರೆ ಅಂಚಿನಲ್ಲಿ ನೀರಿನ ಕಲೆ ಉಳಿಯುತ್ತದೆ. ಮೂಗಿನ ದಂಡೆ, ಕೆನ್ನೆಯ ಮೂಳೆ, ಗಲ್ಲ, ಈ ಮೂರು ಕಡೆ ತಿಳಿ ಬಣ್ಣದ ಚುಕ್ಕೆ ಇಟ್ಟರೆ ಮುಖ ಮುಗಿಯಿತು. ಕಣ್ಣು ಬರೆಯಬೇಡಿ. ಈ ಸ್ಕೇಲಿನಲ್ಲಿ ಕಣ್ಣಿನ ಅಗಲ ಅರ್ಧ ಮಿ.ಮೀ. ಕೂಡ ಇಲ್ಲ. ಬಿಳಿ ಹಾಕಿ ಗುಡ್ಡೆ ಇಟ್ಟರೆ ಪೈಲಟ್ ದೆವ್ವ ಕಂಡವನಂತೆ ಬೆಚ್ಚಿ ಕೂರುತ್ತಾನೆ. ಗುಳಿಯಲ್ಲಿ ನಿಂತ ವಾಶ್ ಸಾಲದಿದ್ದರೆ ಒಂದು ತೆಳು ಕಂದು ಗೆರೆ ಎಳೆಯಿರಿ.

ಬೆಲ್ಟನ್ನು ಬ್ರಷ್‌ನಿಂದ ನೇರವಾಗಿ ಎಳೆಯುವುದು ನುರಿತವರಿಗೂ ಕಷ್ಟ. ಮಾಸ್ಕಿಂಗ್ ಟೇಪ್‌ಗೆ ಮಾಸಲು ಬಿಳಿ ಬಳಿದು, ಗಾಜಿನ ಮೇಲೆ ಅಂಟಿಸಿ, ಹೊಸ ಬ್ಲೇಡಿನಿಂದ 0.6 ಮಿ.ಮೀ. ಪಟ್ಟಿ ಸೀಳಿ, ಚಿಮುಟದಿಂದ ಭುಜದ ಮೇಲೆ ಹಾಯಿಸಿ. ಆಕ್ಸಿಜನ್ ಕೊಳವೆಗೆ ಹಾಳಾದ ಇಯರ್‌ಫೋನ್ ತಂತಿ ಬಿಚ್ಚಿ. ಒಳಗಿನ ಒಂದು ತಾಮ್ರದ ಎಳೆಯನ್ನು 0.3 ಮಿ.ಮೀ. ತಂತಿಗೆ ಒತ್ತಾಗಿ ಸುತ್ತಿದರೆ ಸುಕ್ಕುಸುಕ್ಕು ಕೊಳವೆ ತಾನಾಗಿ ಬಂತು.

ಕೊನೆಗೆ ಮ್ಯಾಟ್ ವಾರ್ನಿಶ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು, ಉಡುಪಿ ಕಡೆಯವರು ಸ್ಪ್ರೇ ಡಬ್ಬಿ ಹಿಡಿಯುವ ಮುನ್ನ ಯೋಚಿಸಬೇಕು. ತೇವದ ಗಾಳಿಯಲ್ಲಿ ವಾರ್ನಿಶ್ ಹಾಲುಬಣ್ಣಕ್ಕೆ ತಿರುಗುತ್ತದೆ. ಆ ದಿನಗಳಲ್ಲಿ ನೀರಿನ ವಾರ್ನಿಶ್ ಬ್ರಷ್‌ನಲ್ಲಿ ಹಚ್ಚುವುದೇ ಕ್ಷೇಮ. ಮೇಲೆ ಗಾಗಲ್ಸ್ ಗಾಜಿಗೆ ಮಾತ್ರ ಒಂದು ಹನಿ ಹೊಳಪಿನ ವಾರ್ನಿಶ್. ಪೈಲಟ್‌ನನ್ನು ಸೀಟಿಗೆ ಅಂಟಿಸಲು ಫೆವಿಕ್ವಿಕ್ ಬೇಡ. ಮುಚ್ಚಿದ ಕಾಕ್‌ಪಿಟ್‌ನಲ್ಲಿ ಅದರ ಹೊಗೆ ಕ್ಯಾನೊಪಿಯ ಒಳಮೈಗೆ ಬಿಳಿ ಮಂಜಾಗಿ ಕೂರುತ್ತದೆ, ಒರೆಸಲು ಕೈ ಹೋಗುವುದಿಲ್ಲ. ಫೆವಿಕಾಲ್ ಹಚ್ಚಿ ಒಂದು ರಾತ್ರಿ ಬಿಟ್ಟು ಕ್ಯಾನೊಪಿ ಮುಚ್ಚಿ.

ನೆಲದವರನ್ನು ಸಾಲಾಗಿ ನಿಲ್ಲಿಸಬೇಡಿ, ಕೈಗೊಂದು ಕೆಲಸ ಕೊಡಿ. 1940ರ ಸ್ಪಿಟ್‌ಫೈರ್ ಒಂದಕ್ಕೆ ಎಂಜಿನ್ ನೋಡುವ ಫಿಟ್ಟರ್ ಒಬ್ಬ, ವಿಮಾನದ ಮೈ ನೋಡುವ ರಿಗ್ಗರ್ ಒಬ್ಬ. ಬಟ್ಟೆ ನೀಲಿಬೂದಿ ಸಮವಸ್ತ್ರ ಅಥವಾ ಕಡುನೀಲಿ ಓವರಾಲ್, ಮೇಲೆ ಬೇಕಿದ್ದರೆ ಕಂದು ಚರ್ಮದ ತೋಳಿಲ್ಲದ ಜರ್ಕಿನ್. ಸ್ಪಿಟ್‌ಫೈರ್‌ನ ಬಾಗಿಲು ಎಡಗಡೆ, ಆದ್ದರಿಂದ ಬೆಲ್ಟು ಬಿಗಿಯಲು ಬಾಗಿದವನು ಎಡ ರೆಕ್ಕೆಯ ಬುಡದಲ್ಲೇ ನಿಲ್ಲಬೇಕು. ನೆಲದ ಮೇಲಿರುವವನ ಕಾಲಿಗೆ 0.5 ಮಿ.ಮೀ. ಪಿನ್ ಹಾಕಿ ಪೀಠಕ್ಕೆ ಇಳಿಸಿ, ದಪ್ಪ ಪ್ಲಾಸ್ಟಿಕ್ ತಟ್ಟೆ ಇದ್ದರೆ ಮೊದಲೇ ಕತ್ತರಿಸಿ ಎಸೆಯಿರಿ. ರೆಕ್ಕೆಯ ಮೇಲಿನವನಿಗೆ ಪಿನ್ ಬೇಡ. ಎರಡೂ ಅಂಗಾಲುಗಳನ್ನು ರೆಕ್ಕೆಯ ಓರೆಗೆ ಹೊಂದುವಂತೆ ಉಜ್ಜಿ ಫೆವಿಕಾಲ್‌ನಲ್ಲಿ ನಿಲ್ಲಿಸಿ, ಮುಂದೆಂದಾದರೂ ತೆಗೆಯಬೇಕಾದರೆ ಒದ್ದೆ ಬ್ರಷ್ ಮುಟ್ಟಿಸಿ ಬಿಡಿಸಿಕೊಳ್ಳಬಹುದು.